ಗಾಜು ಬೀಸುವ ಹುಡುಗಿ

ಮೊನ್ನೆ ವಿಜಯಪುರದ ಜಲನಗರದ ಕಣ್ಣಿನ ದವಾಖಾನೆಯಲ್ಲಿ ನನ್ನ ಸರದಿಗಾಗಿ ಕಾಯುತ್ತ ಕೂತಿದ್ದೆ. ಗೋಡೆಯ ಮೇಲಿನ ಟಿ.ವಿ.ಯಲ್ಲಿ ಸುದ್ದಿ ನಡೆದಿತ್ತು. ಭೂಮಿಯಿಂದ ಲಕ್ಷಾಂತರ ಮೈಲಿ ಆಚೆ ನಿಲ್ಲಿಸಿರುವ ದೊಡ್ಡ ದುರ್ಬೀನಿನ ಚಿತ್ರ ತೋರಿಸುತ್ತಿದ್ದರು. ಜೇನುಗೂಡಿನಂತೆ ಒಂದಕ್ಕೊಂದು ಹೊಂದಿಸಿದ ಅದರ ಕನ್ನಡಿಗಳನ್ನು ನಾನು ಬಾಯಿ ತೆರೆದು ನೋಡುತ್ತಿದ್ದಾಗ ನರ್ಸಮ್ಮ ಬಂದು ನನ್ನ ಕೈಯನ್ನೇ ದಿಟ್ಟಿಸಿದಳು.

"ಅಮ್ಮಾರ, ಕೈ ಯಾವಾಗಿಂದ ಹಿಂಗ ನಡಗಾಕತ್ತೈತ್ರಿ? ಡಾಕ್ಟರ್ ಮುಂದ ಹೇಳ್ರಿ ಮತ್ತ."

ನೋಡಿಕೊಂಡೆ. ತೊಡೆಯ ಮೇಲಿದ್ದ ಚೀಲದ ಮೇಲೆ ನನ್ನ ಬಲ ಅಂಗೈ ತನ್ನಷ್ಟಕ್ಕೆ ಮುಂದೆ ಹೋಗಿ ಹಿಂದೆ ಬರುತ್ತಿತ್ತು. ನಡುನಡುವೆ ತುಸು ತಿರುಗುತ್ತಿತ್ತು.

"ನಡಗಾಕತ್ತಿಲ್ಲವ್ವಾ. ಗಾಜು ಬೀಸಾಕತ್ತೈತಿ," ಎಂದೆ.

ಅವಳು ಒಳಗೆ ಹೋಗಿ ಏನು ಹೇಳಿದಳೋ, ಡಾಕ್ಟರು ಕಣ್ಣಿನ ಜೊತೆಗೆ ನನ್ನ ಬಿ.ಪಿ.ಯನ್ನೂ ನೋಡಿದರು.

ಇದು ನನ್ನ ಹಳೆಯ ಚಾಳಿ. ಕನ್ನಡಿಯ ಮಾತೋ ಚಂದ್ರನ ಮಾತೋ ಕಿವಿಗೆ ಬಿದ್ದರೆ ಸಾಕು, ಕೈ ಸುಮ್ಮನಿರುವುದಿಲ್ಲ. ಬಸ್ಸಿನಲ್ಲಿ ಪಕ್ಕದವರು ಹೆದರಿ ಸರಿದು ಕೂತದ್ದೂ ಉಂಟು. ನನ್ನ ಯಜಮಾನರು ಇದ್ದಾಗ ಊಟದ ತಾಟಿನ ಮುಂದೆ ನನ್ನ ಕೈ ತಿರುಗಲು ಶುರುಮಾಡಿದರೆ, "ಇವತ್ತ ದಪ್ಪ ಪುಡಿನೋ ಸಣ್ಣ ಪುಡಿನೋ?" ಎಂದು ಕೇಳಿ ನಗುತ್ತಿದ್ದರು. ಅವರಿಗೆ ಕಥೆ ಗೊತ್ತಿತ್ತು. ನಿಮಗೆ ಗೊತ್ತಿಲ್ಲವಲ್ಲ, ಹೇಳುತ್ತೇನೆ.

ನಮ್ಮದು ತಿಕೋಟಾ. ಅಪ್ಪನದು ಬಜಾರಿನಲ್ಲಿ ಕಿರಾಣಿ ಅಂಗಡಿ. ಸಕ್ಕರೆ, ರವೆ, ಬೆಲ್ಲ, ಬೇಳೆ. ಅಂಗಡಿ ಎಷ್ಟು ಚೊಕ್ಕವೆಂದರೆ ಬೆಲ್ಲದ ಪೆಂಟೆಯ ಮೇಲೆ ನೊಣ ಕೂತರೂ ಅಪ್ಪ ಅದನ್ನು ತಮ್ಮ ಸ್ವಂತ ಅಪಮಾನವೆಂದು ತಿಳಿಯುತ್ತಿದ್ದರು. ಅಪ್ಪನ ತಮ್ಮ ಮಲ್ಲಿಕಾರ್ಜುನ ಕಾಕಾ ಬಬಲೇಶ್ವರದ ಸಾಲೆಯಲ್ಲಿ ವಿಜ್ಞಾನದ ಮಾಸ್ತರರು. ಅಣ್ಣನಿಗೆ ನೆಲದ ಮೇಲಿನ ಧೂಳಿನ ಚಿಂತೆಯಾದರೆ ತಮ್ಮನಿಗೆ ಆಕಾಶದ್ದು. ಇವರಿಬ್ಬರ ತಾಯಿ ನಮ್ಮ ಆಯಿ. ಆಕೆಗೆ ಇಬ್ಬರು ಮಕ್ಕಳೂ ಒಂದೇ ಸಮನೆ ಹುಚ್ಚರಾಗಿ ಕಾಣುತ್ತಿದ್ದರು.

ನಾನು ಸಣ್ಣವಳಿದ್ದಾಗ ರಶಿಯಾದವರು ಮೊದಲ ಉಪಗ್ರಹ ಹಾರಿಸಿದರು. ಕಾಕಾ ಸೈಕಲ್ ತುಳಿದುಕೊಂಡು ತಿಕೋಟಾಕ್ಕೆ ಬಂದು, ಹೊತ್ತು ಮುಳುಗುವ ಹೊತ್ತಿಗೆ ಓಣಿಯ ಮಕ್ಕಳನ್ನೆಲ್ಲ ನಮ್ಮ ಮಾಳಿಗೆ ಹತ್ತಿಸಿದರು. ಎಲ್ಲರೂ ಕತ್ತು ನೋಯುವ ತನಕ ಮೇಲೆ ನೋಡಿದೆವು. ಒಮ್ಮೆಲೆ ಕಾಕಾ "ಅಲ್ಲಿ! ಅಲ್ಲಿ!" ಎಂದು ಕೂಗಿದರು. ಎಲ್ಲರೂ ಕಂಡಿತು ಎಂದರು. ನಾನೂ ಎಂದೆ. ನನಗೆ ಕಂಡದ್ದು ಹುಣಸೆಮರದ ಕಡೆಗೆ ಹೊರಟ ಬಾವಲಿ ಎಂಬ ಅನುಮಾನ ಈಗಲೂ ಇದೆ. ಆದರೆ ಆ ಬಾವಲಿಯೇ ನನ್ನನ್ನು ವಿಜಾಪುರದ ಕಾಲೇಜಿನ ತನಕ ಕರೆದುಕೊಂಡು ಹೋಯಿತು. ಆಗ ನಾವು ವಿಜಯಪುರವನ್ನು ವಿಜಾಪುರ ಎಂದೇ ಕರೆಯುತ್ತಿದ್ದದ್ದು. ಬಿ.ಎಸ್ಸಿ. ಓದಿಸುವುದಕ್ಕೆ ಅಪ್ಪ ಹೂಂ ಎಂದದ್ದು ಕಾಕಾನ ಕಾಟಕ್ಕೆ. ಓದಿ ಏನು ಮಾಡುತ್ತಾಳೆ ಎಂಬುದು ಅಪ್ಪನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಅರವತ್ತೆಂಟರ ಮಳೆಗಾಲ ಕಳೆದ ಮೇಲೆ ಕಾಕಾ ಒಂದು ದಿನ ಗೋಣಿತಟ್ಟಿನಲ್ಲಿ ಸುತ್ತಿದ ಗಂಟೊಂದನ್ನು ಎದೆಗೆ ಅವಚಿಕೊಂಡು ಬಸ್ಸಿನಿಂದಿಳಿದರು. ಬಿಚ್ಚಿದರೆ ಎರಡು ದುಂಡನೆಯ ಗಾಜಿನ ಬಿಲ್ಲೆ. ಒಂದೊಂದೂ ಜೋಳದ ರೊಟ್ಟಿಗಿಂತ ಸಣ್ಣದು, ದಪ್ಪ ಮಾತ್ರ ಹೆಬ್ಬೆರಳಿನಷ್ಟು. ಒಡೆದುಹಾಕಿದ ಹಳೆಯ ಹಡಗಿನ ಕಿಟಕಿಯ ಗಾಜು ಎಂದರು ಕಾಕಾ. ಮುಂಬಯಿಯ ಗುಜರಿಯಿಂದ ಗೆಳೆಯನೊಬ್ಬ ತಂದುಕೊಟ್ಟದ್ದು.

"ಕಮಲಾ, ಇದರಿಂದ ದುರ್ಬೀನು ಮಾಡೂಣು," ಎಂದರು.

"ಹೆಂಗ್ರಿ ಕಾಕಾ?"

"ಬೀಸೂದು."

ನಿಜಕ್ಕೂ ಅಷ್ಟೇ. ಒಂದು ಬಿಲ್ಲೆಯನ್ನು ಕಟ್ಟಿಗೆಯ ಪೀಠಕ್ಕೆ ಬಿಗಿಯಾಗಿ ಕೂಡಿಸಬೇಕು. ಮೇಲೆ ನೀರು ಹನಿಸಿ, ಗಾಜನ್ನು ತಿನ್ನುವ ಗಟ್ಟಿ ಪುಡಿ ಉದುರಿಸಿ, ಇನ್ನೊಂದು ಬಿಲ್ಲೆಯನ್ನು ಅದರ ಮೇಲಿಟ್ಟು ಎರಡೂ ಕೈಯಿಂದ ಹಿಂದೆ ಮುಂದೆ ಉಜ್ಜಬೇಕು. ಉಜ್ಜುತ್ತ ಬಿಲ್ಲೆಯನ್ನು ತಿರುಗಿಸಬೇಕು, ನಾವೂ ಪೀಠದ ಸುತ್ತ ತಿರುಗಬೇಕು. ಹಾಗೆ ಉಜ್ಜುತ್ತ ಹೋದರೆ ಮೇಲಿನ ಗಾಜು ನಡುವೆ ಸವೆದು ಬಟ್ಟಲಿನಂತೆ ತುಸು ತಗ್ಗಾಗುತ್ತದೆ. ದಪ್ಪ ಪುಡಿಯಿಂದ ಸಣ್ಣ ಪುಡಿಗೆ ಬರುತ್ತ ಕೊನೆಗೆ ಹೊಳಪು ಕೊಟ್ಟು ಬೆಳ್ಳಿ ಲೇಪಿಸಿದರೆ ಅದೇ ದುರ್ಬೀನಿನ ಕನ್ನಡಿ. ಹೇಳುವುದಕ್ಕೆ ಒಂದು ಉಸಿರು ಸಾಕು. ಮಾಡುವುದಕ್ಕೆ ನನಗೆ ಚಳಿಗಾಲ ಪೂರ್ತಿ ಸಾಲದೆ ಬೇಸಿಗೆಯೂ ಹಿಡಿಯಿತು.

ಕಾಕಾ ವಾರಕ್ಕೊಮ್ಮೆ ಬರುವವರು. ಉಳಿದ ದಿನಗಳ ಬೀಸುವ ಕೆಲಸ ನನ್ನದಾಯಿತು. ಕಾಲೇಜು ಮುಗಿಸಿ ವಿಜಾಪುರದಿಂದ ಬಸ್ಸಿನಲ್ಲಿ ಬಂದವಳೇ ಹಿತ್ತಲ ಕೋಣೆಗೆ ಹೋಗುತ್ತಿದ್ದೆ. ಮೊದಮೊದಲು ಕರ್ ಕರ್ ಎಂದು ಹಲ್ಲು ಜುಮ್ಮೆನ್ನಿಸುವ ಸದ್ದು. ಪುಡಿ ಸಣ್ಣದಾದಂತೆ ಸದ್ದು ತಗ್ಗುತ್ತ ಸುಯ್ ಸುಯ್ ಎಂದಾಗುತ್ತಿತ್ತು. ಒಂದು ಪುಡಿಯಿಂದ ಇನ್ನೊಂದಕ್ಕೆ ಹೋಗುವಾಗ ಹಳೆಯ ಪುಡಿಯ ಒಂದು ಕಣ ಉಳಿದರೂ ಗೀರು ಬಿದ್ದು ಎಲ್ಲ ಹಾಳು. ಅದಕ್ಕೆ ಪೀಠ ತೊಳೆದು, ನೆಲ ತೊಳೆದು, ನಾನು ತಲೆಯ ಮೇಲೆ ನೀರು ಸುರಿದುಕೊಂಡು, ಬೇರೆ ಸೀರೆ ಉಟ್ಟು ಕೂಡಬೇಕು. ಹಬ್ಬದ ಮಡಿಗೂ ನಾನು ಅಷ್ಟು ಮಿಂದವಳಲ್ಲ. "ಬಾವಿ ಬತ್ತಿಸಿ ಬಿಡತಾಳ ಈಕಿ," ಎಂದು ಅವ್ವ ಗೊಣಗುತ್ತಿದ್ದಳು.

ಆಯಿ ಮಾತ್ರ ಬಲು ಹುರುಪಿನಿಂದ ಬಂದು ಕೂತಳು. ಬೀಸುವುದೆಂದರೆ ಅವಳ ಸೀಮೆ. ಆದರೆ ಅವಳಿಗೆ ಬೀಸುಕಲ್ಲನ್ನು ಒಂದೇ ದಿಕ್ಕಿಗೆ ಬೀಸಿ ರೂಢಿ. ಹಿಂದೆ ಮುಂದೆ ಎಳೆಯುವುದು, ಬಿಲ್ಲೆಯನ್ನು ನಡುವೆ ತಿರುಗಿಸುವುದು ಅವಳಿಗೆ ಶುದ್ಧ ತಲೆಹರಟೆ ಎನಿಸಿತು.

"ಲೇ ಮಲ್ಲೂ, ಹಿಂಗ ಹಿಂದ ಮುಂದ ಎಳದ್ರ ಅದೇನ ಬೀಸೂದೇನೋ? ಪಾತ್ರಿ ತಿಕ್ಕಿಧಂಗ ಆತು."

"ಯವ್ವಾ, ಒಂದ ದಿಕ್ಕಿಗೆ ತಿರುಗಿಸಿದ್ರ ಗಾಜು ವಾರಿ ಆಗತೈತಿ. ಚಂದ್ರ ಸೊಟ್ಟ ಕಾಣತಾನ."

"ಅಂವಾ ಸೊಟ್ಟ ಇದ್ರ ನಾವೇನ್ ಮಾಡೂಣು?"

ಎರಡು ದಿನ ಜಗಳವಾಡಿ ಕೊನೆಗೆ ಆಯಿ ನೀರು ಹನಿಸುವ ಕೆಲಸಕ್ಕೆ ಒಪ್ಪಿಕೊಂಡಳು. ನಾನು ಬೀಸುವುದು, ಅವಳು ತಂಬಿಗೆ ಹಿಡಿದು ಹನಿಹನಿಯಾಗಿ ನೀರು ಬಿಡುವುದು, ಜೊತೆಗೆ ತನ್ನ ತವರಿನ ಕಥೆ ಹೇಳುವುದು. ಇಟ್ಟಂಗಿಹಾಳದ ಯಾವ ಮನೆಯ ಎಮ್ಮೆ ಯಾರ ಹೊಲಕ್ಕೆ ನುಗ್ಗಿತ್ತು ಎಂಬುದೆಲ್ಲ ನನಗೆ ಬಾಯಿಪಾಠವಾದದ್ದು ಆ ಚಳಿಗಾಲದಲ್ಲಿ.

ಹೊಳಪು ಕೊಡುವ ಹಂತ ಬಂದಾಗ ಕಾಕಾ ರಾಳ ಕಾಯಿಸಿ ಕೆಳಗಿನ ಬಿಲ್ಲೆಯ ಮೇಲೆ ಹೊಯ್ದರು. ಅಕ್ಕಸಾಲಿಗರು ಬಂಗಾರಕ್ಕೆ ಹೊಳಪು ಕೊಡುವ ಕೆಂಪು ಪುಡಿಯನ್ನು ವಿಜಾಪುರದಿಂದ ತಂದರು. ಆ ಪುಡಿ ಒಮ್ಮೆ ಅಂಗೈಗೆ ಹತ್ತಿತೆಂದರೆ ಹುಣಸೆಹಣ್ಣಿಗೂ ಜಗ್ಗುವುದಿಲ್ಲ, ಸೀಮೆಎಣ್ಣೆಗೂ ಜಗ್ಗುವುದಿಲ್ಲ. ಉಗುರಿನ ಸಂದಿಯೆಲ್ಲ ಕೆಂಪು. ಅದೇ ಹೊತ್ತಿಗೆ ಸರಿಯಾಗಿ ನನ್ನನ್ನು ನೋಡಲು ಘೋಣಸಗಿಯಿಂದ ಗಂಡಿನವರು ಬಂದರು.

ಒಳ್ಳೆಯ ಒಕ್ಕಲುತನದ ಮನೆ. ಹುಡುಗ, ಹುಡುಗನ ತಾಯಿ, ಸೋದರಮಾವ. ಹಾಸಿದ ಜಮಖಾನೆಯ ಮೇಲೆ ಕೂತರು. ಅವ್ವ ಒಗ್ಗರಣೆ ಅವಲಕ್ಕಿ ಕೊಟ್ಟಳು. ನಾನು ಚಹಾ ತಂದು ಕೊಡುವಾಗ ಹುಡುಗನ ತಾಯಿ ನನ್ನ ಕೈ ಹಿಡಿದು ನೋಡಿದರು.

"ಇದೇನ ಬೇ, ಅಂಗೈ ಹಿಂಗ ಕೆಂಪಾಗ್ಯಾವ? ಮದರಂಗಿ ಹಚ್ಚಿದ್ದೇನು?"

ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಆಯಿ ಬಹಳ ಅಭಿಮಾನದಿಂದ ಹೇಳಿಬಿಟ್ಟಳು. "ಮದರಂಗಿ ಅಲ್ಲವ್ವಾ. ನಮ್ಮ ಹುಡುಗಿ ದಿನಾ ಗಾಜು ಬೀಸತಾಳ. ಬೀಸಿ ಬೀಸಿ ಎಷ್ಟ ಸಣ್ಣ ಪುಡಿ ಮಾಡ್ಯಾಳ ಅಂದ್ರ, ಕೈಗೆ ಹತ್ತಿದ್ರೂ ಗೊತ್ತಾಗೂದಿಲ್ಲ, ಅಷ್ಟ ಸಣ್ಣ!"

ಸೋದರಮಾವನ ಬಾಯಿ ಅರ್ಧ ಅಗಿದಲ್ಲೇ ನಿಂತಿತು. ಹುಡುಗನ ಕೈಯಲ್ಲಿದ್ದ ಅವಲಕ್ಕಿ ಮತ್ತೆ ತಾಟಿಗೆ ಇಳಿಯಿತು. ಹುಡುಗನ ತಾಯಿ ಮೊದಲು ನನ್ನ ಕೈ ನೋಡಿದರು, ಆಮೇಲೆ ಮಗನ ತಾಟು ನೋಡಿದರು. ಅನ್ನದಲ್ಲಿ ಗಾಜಿನ ಪುಡಿ ಬೆರೆಸಿ ಕೊಲ್ಲುವ ಕಥೆಗಳನ್ನು ನಮ್ಮ ಸೀಮೆಯಲ್ಲಿ ಎಲ್ಲರೂ ಕೇಳಿದ್ದರು. ಕಾಕಾ ಬೇರೆ ಅಂದು ಇರಲಿಲ್ಲ. ಅಪ್ಪ ಕನ್ನಡಿ, ದುರ್ಬೀನು, ಚಂದ್ರ ಎಂದು ಏನೇನೋ ತೊದಲಿದರು. ಚಂದ್ರನನ್ನು ನೋಡುವುದಕ್ಕೆ ಗಾಜು ಯಾಕೆ ಬೀಸಬೇಕು, ಹೊರಗೆ ಬಂದು ತಲೆ ಎತ್ತಿದರೆ ಸಾಲದೇ ಎಂಬ ಮುಖ ಮಾಡಿಕೊಂಡು ಅವರೆಲ್ಲ ಎದ್ದರು. ಚಹಾ ಹಾಗೇ ಉಳಿಯಿತು.

ನನಗೆ ನಗು ತಡೆಯಲಾಗಲಿಲ್ಲ. ಹಿತ್ತಲಿಗೆ ಓಡಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಆ ನಗು ಬಹಳ ದಿನ ಉಳಿಯಲಿಲ್ಲ.

ತಿಕೋಟಾದ ಕಿರಾಣಿ ಸಾವ್ಕಾರನ ಮಗಳು ಗಾಜು ಬೀಸುತ್ತಾಳಂತೆ ಎಂಬ ಮಾತು ಘೋಣಸಗಿಯಿಂದ ಹೊರಟು ನಮ್ಮ ಬಜಾರಿಗೇ ಬಂದು ಮುಟ್ಟಿತು. ಬೇರೆ ಯಾರ ಮನೆಯದಾಗಿದ್ದರೂ ಮಂದಿ ನಾಲ್ಕು ದಿನ ಮಾತಾಡಿ ಬಿಡುತ್ತಿದ್ದರು. ನಮ್ಮದು ರವೆ ಸಕ್ಕರೆ ಮಾರುವ ಮನೆ. ಒಂದು ಸಂಜೆ ನಾನು ಅಂಗಡಿಯ ಹಿಂದಿನ ಬಾಗಿಲಲ್ಲಿ ನಿಂತಿದ್ದಾಗ ನಮ್ಮ ಕಾಯಂ ಗಿರಾಕಿಯೊಬ್ಬಳು ಅಂಗೈಯಲ್ಲಿ ಸಕ್ಕರೆ ಹಾಕಿಕೊಂಡು ಬಿಸಿಲಿಗೆ ಹಿಡಿದು ನೋಡಿದಳು.

"ಸಾವ್ಕಾರ್ರ, ಇದು ಮಿಣಮಿಣ ಅಂತೈತಲ್ರಿ?"

"ಸಕ್ಕರಿ ಅದು. ಮಿಂಚದ ಏನ್ ಮಾಡತೈತಿ?" ಎಂದರು ಅಪ್ಪ.

ಅವಳು ಸಕ್ಕರೆಯನ್ನು ಮೆಲ್ಲಗೆ ಚೀಲಕ್ಕೆ ವಾಪಸು ಸುರಿದು ಹೊರಟುಹೋದಳು. ಹಾಗೆ ಒಬ್ಬೊಬ್ಬರಾಗಿ ಗಿರಾಕಿಗಳು ಎದುರಿನ ಅಂಗಡಿಗೆ ಹೋಗತೊಡಗಿದರು. ಅಪ್ಪ ಯಾರನ್ನೂ ಬೈಯಲಿಲ್ಲ. ಅಂಗಡಿಯನ್ನು ಮೊದಲಿಗಿಂತ ಹೆಚ್ಚು ಸಲ ಗುಡಿಸಿದರು, ತಕ್ಕಡಿಯನ್ನು ಮೊದಲಿಗಿಂತ ಹೆಚ್ಚು ತಿಕ್ಕಿದರು. ಅದನ್ನು ನೋಡುವುದೇ ನನಗೆ ಕಷ್ಟವಾಯಿತು.

ಕಾಕಾ ಬಂದ ದಿನ ಊಟಕ್ಕೆ ಕೂತಾಗ ಅಪ್ಪ ತಲೆ ಎತ್ತದೆ ಹೇಳಿದರು. "ಅದನ್ನ ಈ ಮನಿಯಾಗಿಂದ ತಗೊಂಡ ಹೋಗ, ಮಲ್ಲೂ."

"ಅಣ್ಣಾ, ಇನ್ನ ತುಸು ಹೊಳಪು, ಆಮ್ಯಾಲ ಬೆಳ್ಳಿ. ಅಷ್ಟ ಉಳದೈತಿ."

"ನನ್ನ ಅಂಗಡ್ಯಾಗ ಮಂದಿ ಸಕ್ಕರಿ ಬಿಸಲಿಗೆ ಹಿಡದ ನೋಡಾಕತ್ತಾರ. ನಿನಗ ತಿಳಿಯೂದಿಲ್ಲ ಅದು."

ನಾನು ಹೇಗೋ ಧೈರ್ಯ ಮಾಡಿದೆ. "ಅಪ್ಪಾ, ನಾ ಬಿಡೂದಿಲ್ರಿ. ಪರೀಕ್ಷಾ ಮುಗಿಸಿ ಕಾಕಾನ ಮನಿಗೆ ಹೋಗಿ ಮಾಡತೇನಿ."

ಅಪ್ಪ ನನ್ನನ್ನು ನೋಡಿದರು. ಅವರೆದುರು ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಆಯಿ ಒಳಗಿನಿಂದ, "ಗಾಜು ಹೋದ್ರ ನಾನೂ ಹೋಗಾಕಿ. ನೀರ ಯಾರ ಹಾಕಬೇಕು?" ಎಂದಳು. ಅಪ್ಪ ಕೈ ತೊಳೆದು ಎದ್ದರು.

ಆಯಿಯೂ ನಾನೂ ಬಬಲೇಶ್ವರದ ಕಾಕಾನ ಮನೆಯಲ್ಲಿ ಆ ಬೇಸಿಗೆ ಕಳೆದೆವು. ಹೊಳಪು ಮುಗಿಯಿತು ಎಂದುಕೊಂಡಾಗ ಕಾಕಾ ದೀಪದ ಬೆಳಕು ಕನ್ನಡಿಯಿಂದ ಮರಳುವ ಕಡೆ ದಾಡಿಯ ಬ್ಲೇಡು ಅಡ್ಡ ಹಿಡಿದು, ಮೂಡಿದ ನೆರಳು ನೋಡಿ ಅಂಚು ಸರಿಯಿಲ್ಲ ಎಂದರು. ಮತ್ತೆ ರಾಳ, ಮತ್ತೆ ಕೆಂಪು. ನಾನು ಅತ್ತೆ. ಅತ್ತ ಕಣ್ಣೀರನ್ನು ಕೆಂಪು ಕೈಯಿಂದಲೇ ಒರೆಸಿಕೊಂಡು ಹೊರಗೆ ಬಂದರೆ ಓಣಿಯ ಹೆಂಗಸರು ಏನು ಬಡಿದಾಟವಾಯಿತೋ ಎಂದು ಗಾಬರಿಯಾದರು. ಎರಡನೆಯ ಸಲ ಅಂಚು ಸರಿಯಾಯಿತು. ಬೆಳ್ಳಿಯ ಲೇಪವಾಯಿತು. ತಗಡಿನ ಡಬ್ಬಿ ಮಾಡುವವರಿಂದ ಉದ್ದನೆಯ ಕೊಳವೆ ಮಾಡಿಸಿ ಕನ್ನಡಿಯನ್ನೂ ಕಣ್ಣಿಟ್ಟು ನೋಡುವ ಮಸೂರವನ್ನೂ ಕೂರಿಸಿದೆವು. ಕಾಕಾ ಕೊಳವೆಯ ಬಾಯನ್ನು ದಕ್ಷಿಣದಲ್ಲಿ ಹೊಳೆಯುತ್ತಿದ್ದ ಗುರುಗ್ರಹದ ಕಡೆ ತಿರುಗಿಸಿ, "ಮೊದಲ ನೀ ನೋಡ," ಎಂದರು.

ನೋಡಿದೆ. ಗುಂಡಗೆ ಒಂದು ಬಿಳಿ ಬಿಲ್ಲೆ, ಅದರ ಅಕ್ಕಪಕ್ಕ ಸಾಲಾಗಿ ನಾಲ್ಕು ಚುಕ್ಕೆ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಆದರೆ ನನ್ನ ಕೈ ಸವೆಸಿದ ಗಾಜಿನಲ್ಲಿ ಅವು ಬಂದು ಕೂತಿದ್ದವು. ಆಯಿ ನನ್ನನ್ನು ಸರಿಸಿ ತಾನು ಬಗ್ಗಿ, "ಇವೆಲ್ಲಾ ಅವನ ಮಕ್ಕಳೇನ? ಚೆಂದ ಸಾಕ್ಯಾನ," ಎಂದಳು.

ತಿಕೋಟಾಕ್ಕೆ ನಾವಿಬ್ಬರೂ ಮರಳಿದೆವು. ಕನ್ನಡಿ ಕಾಕಾನ ಮನೆಯಲ್ಲೇ ಉಳಿಯಿತು. ಅಪ್ಪ ಅದರ ಸುದ್ದಿ ಕೇಳಲಿಲ್ಲ, ನಾನು ಹೇಳಲಿಲ್ಲ.

ಆಮೇಲೆ ಬಂತು ಜುಲೈ. ಅಮೆರಿಕದವರು ಚಂದ್ರನ ಕಡೆ ಹೊರಟ ಸುದ್ದಿ ಊರಿನಲ್ಲೆಲ್ಲ ಹಬ್ಬಿತ್ತು. ನಮ್ಮ ಅಂಗಡಿಯಲ್ಲಿ ದೊಡ್ಡ ರೇಡಿಯೋ ಇತ್ತು. ಇಳಿದರು ಎಂಬ ಸುದ್ದಿ ಬಂದ ಬೆಳಿಗ್ಗೆ ನಮ್ಮ ಅಂಗಡಿ ಬಿಟ್ಟು ಹೋದವರೂ ಸೇರಿ ಬಜಾರಿನ ಮಂದಿಯೆಲ್ಲ ಬಂದು ಕಟ್ಟೆಯ ಮೇಲೆ, ಚೀಲಗಳ ಮೇಲೆ ಕೂತರು. ಅಪ್ಪ ರೇಡಿಯೋದ ಸದ್ದು ಏರಿಸಿದರು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಎಂದು ಕೇಳಿದಾಗ ಯಾರೋ ಕೈ ಮುಗಿದರು, ಯಾರೋ "ಸುಳ್ಳ ಬಿಡ್ರೋ" ಎಂದರು. ವಾದ ಹತ್ತಿತು.

ಅಪರಾಹ್ನದ ಬಸ್ಸಿನ ತಲೆಯ ಮೇಲೆ ಕಟ್ಟಿದ ತಗಡಿನ ಕೊಳವೆಯ ಜೊತೆ ಕಾಕಾ ಬಂದಿಳಿದರು. ಕನ್ನಡಿಯನ್ನು ಮಾತ್ರ ಅರಿವೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ನೇರ ಅಂಗಡಿಯ ಮುಂದೆ ನಿಂತು, "ಅಣ್ಣಾ, ಇವತ್ತ ಇಲ್ಲೇ ಹಚ್ಚತೇನಿ. ಬ್ಯಾಡ ಅಂದ್ರ ಈಗ ಹೇಳ," ಎಂದರು. ಮಂದಿಯೆಲ್ಲ ಅಪ್ಪನ ಮುಖ ನೋಡಿದರು. ಅಪ್ಪ ಬಹಳ ಹೊತ್ತು ತಕ್ಕಡಿ ಒರೆಸಿದರು. ಕೊನೆಗೆ, "ಕಟ್ಟಿ ಮುಂದ ಹಚ್ಚ. ದಾರ್ಯಾಗ ಎತ್ತ ಗಾಡಿ ಬರತಾವ," ಎಂದರು.

ಸಂಜೆಯ ತನಕ ಮೋಡ. ನಾನು ಆಕಾಶವನ್ನು ನೋಡಿ ನೋಡಿ ಬೇಸತ್ತೆ. ದೀಪ ಹಚ್ಚುವ ಹೊತ್ತಿಗೆ ಪಶ್ಚಿಮದ ಗಾಳಿ ಬೀಸಿ ಮೋಡ ಸೀಳಿತು. ನೆತ್ತಿಯಿಂದ ತುಸು ಕೆಳಗೆ ಅರ್ಧ ಚಂದ್ರ. ಇಳಿದವರಿನ್ನೂ ಅಲ್ಲೇ ಇದ್ದರು, ವಾಪಸು ಹೊರಟಿರಲಿಲ್ಲ. ಕೊಳವೆಯ ಮುಂದೆ ಸಾಲು ಬಜಾರಿನ ತಿರುವಿನ ತನಕ ಬೆಳೆಯಿತು. ಕಾಕಾ ನನ್ನ ಕಡೆ ತಿರುಗಿ, "ಹೇಳೂದೆಲ್ಲಾ ನೀನ ಹೇಳ. ಕನ್ನಡಿ ನಿಂದು," ಎಂದರು.

ಗಂಡಸರು ತುಂಬಿದ ಬಜಾರಿನಲ್ಲಿ ನಾನು ಆ ತನಕ ದನಿ ಎತ್ತಿದವಳಲ್ಲ. ಮೊದಲ ಮಾತು ಕಾಕಾನಿಗಷ್ಟೇ ಕೇಳಿಸಿತು. ಎರಡನೆಯದು ಸಾಲಿಗೂ ಕೇಳಿಸಿತು. ಆಮೇಲೆ ನಿಲ್ಲಲಿಲ್ಲ. ಇವು ಗುಡ್ಡ, ಇವು ಕುಳಿ, ಈ ಕಡೆ ಹಗಲು, ಆ ಕಡೆ ರಾತ್ರಿ, ನಡುವಿನ ಗೆರೆಯಲ್ಲಿ ಈಗ ಬೆಳಗಾಗುತ್ತಿದೆ ಎಂದು ಒಬ್ಬೊಬ್ಬರಿಗೂ ಹೇಳಿದೆ. "ಯಪ್ಪಾ!" ಎನ್ನದೆ ಒಬ್ಬರೂ ಕಣ್ಣು ತೆಗೆಯಲಿಲ್ಲ. ಬೆಳಿಗ್ಗೆ ಸುಳ್ಳೆಂದಿದ್ದ ಮುದುಕರೊಬ್ಬರು ಬಗ್ಗಿ ನೋಡಿ ಎದ್ದು ಕೇಳಿದರು.

"ಮನಷ್ಯಾರು ಎಲ್ಲಿ ಅದಾರವ್ವಾ?"

"ಆ ಕರೇ ಬಯಲ ಐತಲ್ರಿ ಅಜ್ಜಾರ, ಅದರಾಗ ಇಳದಾರ. ಅಷ್ಟ ದೂರಕ್ಕ ಮನಷ್ಯಾರು ಕಾಣೂದಿಲ್ರಿ."

"ಮತ್ತ ಏನ್ ಉಪಯೋಗಾತು ಇದು?"

ಸಾಲಿನಲ್ಲಿ ಗುಜುಗುಜು ಎದ್ದಿತು. ಕಟ್ಟೆಯ ಮೇಲೆ ಕೂತಿದ್ದ ಆಯಿ ಅಲ್ಲಿಂದಲೇ ಕೂಗಿದಳು. "ಘೋಣಸಗಿ ಹೊಲದಾಗ ನಿಂತಾಂವ ತಿಕೋಟಾದಿಂದ ನಿನಗ ಕಾಣತಾನೇನೋ? ಹೊಲಾ ಕಾಣತೈತಿ, ನೋಡಕೋ!" ಬಜಾರಿಗೆ ಬಜಾರೇ ನಕ್ಕಿತು. ಮುದುಕರೂ ನಕ್ಕು, ಮತ್ತೊಮ್ಮೆ ನೋಡಲು ಸಾಲಿನ ಕೊನೆಗೆ ಹೋಗಿ ನಿಂತರು.

ಆ ಸಾಲಿನಲ್ಲೇ ಘೋಣಸಗಿಯ ಆ ಹುಡುಗನ ತಾಯಿಯೂ ಇದ್ದರು. ಯಾವುದೋ ಕೆಲಸಕ್ಕೆ ಊರಿಗೆ ಬಂದಿದ್ದರೋ, ಸುದ್ದಿ ಕೇಳಿಯೇ ಬಂದರೋ, ನನಗೆ ತಿಳಿಯದು. ನನ್ನ ಮುಖ ನೋಡದೆ ಬಗ್ಗಿದರು. ಎದ್ದಾಗ ಕಣ್ಣು ಒದ್ದೆಯಾಗಿತ್ತು. "ನೀ ಬೀಸಿದ್ದು ಇದನ್ನೇನವ್ವಾ?" ಎಂದು ಕೇಳಿದರು. ಹೌದೆಂದೆ. ಸೆರಗಿನಿಂದ ಕಣ್ಣೊರೆಸಿಕೊಂಡು, "ಅವತ್ತ ಅವಲಕ್ಕಿ ಪೂರಾ ತಿಂದ ಹೋಗಬೇಕಿತ್ತು ನಾವು. ಒಂದ ತಂಬಗಿ ನೀರ ಕೊಡವ್ವಾ," ಎಂದರು. ನಾನು ಒಳಗಿನಿಂದ ನೀರು ತಂದುಕೊಟ್ಟೆ. ಎಲ್ಲರೆದುರು ತಂಬಿಗೆ ಎತ್ತಿ ಗಟಗಟ ಕುಡಿದರು. ಅದನ್ನು ನೋಡಿ ಅವ್ವ ಒಳಗೆ ಹೋಗಿ ದೊಡ್ಡ ಪಾತ್ರೆಯಲ್ಲಿ ಚಹಾಕ್ಕೆ ಇಟ್ಟಳು. ಸಕ್ಕರೆ ನಮ್ಮ ಅಂಗಡಿಯದೇ. ಒಬ್ಬರೂ ಬೇಡವೆನ್ನಲಿಲ್ಲ.

ಮುಂದೆ ನಾನು ಧಾರವಾಡಕ್ಕೆ ಹೋಗಿ ಎಂ.ಎಸ್ಸಿ. ಓದಿದ್ದು, ವಿಜಾಪುರದಲ್ಲೇ ಭೌತಶಾಸ್ತ್ರ ಕಲಿಸಿ ನಿವೃತ್ತಳಾದದ್ದು, ನಮ್ಮ ದೇಶದ ನೌಕೆ ಚಂದ್ರನಲ್ಲಿ ಇಳಿದ ಸಂಜೆ ಟಿ.ವಿ. ಮುಂದೆ ಎದ್ದು ನಿಂತು ಚಪ್ಪಾಳೆ ಹೊಡೆದದ್ದು ಎಲ್ಲ ಆಮೇಲಿನ ಮಾತು. ಅವೆಲ್ಲವೂ ಹೆಮ್ಮೆಯವೇ. ಆದರೆ ಯಾರಾದರೂ ಹೆಮ್ಮೆ ಎಂದರೆ ನನಗೆ ನೆನಪಾಗುವುದು ಬಜಾರಿನ ಆ ಸಂಜೆಯ ಕೊನೆಗೆ ನಡೆದದ್ದು.

ಅಪ್ಪ ಆ ತನಕ ಅಂಗಡಿ ಬಿಟ್ಟು ಇಳಿದಿರಲಿಲ್ಲ. ಚಹಾ ಮುಗಿದ ಮೇಲೆ ಮೆಟ್ಟಿಲಿಳಿದು ಬಂದು, ಎಲ್ಲರಂತೆ ಸಾಲಿನಲ್ಲಿ ನಿಂತರು. ಮುಂದೆ ಬನ್ನಿ ಎಂದು ಕರೆದವರಿಗೆ ಕೈಯಾಡಿಸಿ ಬೇಡವೆಂದರು. ತಮ್ಮ ಸರದಿ ಬಂದಾಗ ಟೊಪ್ಪಿಗೆ ತೆಗೆದು ಕಾಕಾನ ಕೈಗೆ ಕೊಟ್ಟು ಬಗ್ಗಿದರು. ನಾನು ಗುಡ್ಡ, ಕುಳಿ ಎಂದು ಶುರುಮಾಡಿದೆ. ಅಪ್ಪ ಕೈ ಎತ್ತಿ ನನ್ನನ್ನು ತಡೆದರು. ಚಂದ್ರ ಸರಿದಂತೆ ಕಾಕಾ ಮೆಲ್ಲಗೆ ಕೊಳವೆ ಸರಿಸುತ್ತಿದ್ದರು. ಅಪ್ಪ ಅದರ ಜೊತೆ ತಾವೂ ಸರಿಯುತ್ತಿದ್ದರು, ಕಣ್ಣು ಮಾತ್ರ ತೆಗೆಯಲಿಲ್ಲ. ಹಿಂದಿನವರಿಗೆ ತಾಳ್ಮೆ ತಪ್ಪಿತು.

"ಸಾವ್ಕಾರ್ರ, ಸರೀರಿ ಇನ್ನ! ನಾವೂ ನೋಡಬೇಕು!"

ಅಪ್ಪ ಕಣ್ಣು ತೆಗೆಯದೆಯೇ, ಬಜಾರಿನ ಆ ತುದಿಗೂ ಕೇಳುವಂತೆ ಹೇಳಿದರು.

"ತಡೀರ್ರೋ! ನನ್ನ ಮಗಳು ಬೀಸಿದ ಗಾಜು ಐತಿ ಇದು. ನಾ ಇನ್ನೂ ನೋಡಾಂವ ಅದೇನಿ."

ಆಮೇಲೆ ಸಾಲಿನಲ್ಲಿ ಯಾರೂ ಅವಸರ ಮಾಡಲಿಲ್ಲ. ಮೋಡ ಬರುವ ತನಕ ಅಪ್ಪ ನೋಡಿದರು.